ಬೆಳೆಯೋ ಹುಡುಗಿಯ ಅಳತೆಗೆ ಒಂದು ಪಟ

ಆಷಾಢದಲ್ಲಿ ನನ್ನಂಥ ದರ್ಜಿಗಳಿಗೆ ಕೆಲಸವಿಲ್ಲ. ಶಾಲೆ ಯೂನಿಫಾರಮ್ಮುಗಳ ಗಲಾಟೆ ಅಷ್ಟರಲ್ಲಿ ಮುಗಿದಿರುತ್ತದೆ. ಮದುವೆಗಳಿಲ್ಲ ಅಂದಮೇಲೆ ಬ್ಲೌಸ್ ಹೊಲಿಸುವವರೂ ಇಲ್ಲ. ಜಯಲಕ್ಷ್ಮಿಪುರಂನ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಎರಡು ಮಷೀನೂ ಮುಸುಕು ಹಾಕಿಕೊಂಡು ಕೂತಿರುತ್ತವೆ. ಹೊರಗೆ ಗಾಳಿ ಮಾತ್ರ ಬಿಡುವಿಲ್ಲದೆ ಬೀಸುತ್ತದೆ. ನಾನು ಬೆಳಗ್ಗೆ ಕಾಫಿ ಹಿಡಿದು ಕೂತು ಮೊಬೈಲಿನಲ್ಲಿ ಗಾಳಿ ನೋಡುತ್ತೇನೆ. ಮೈಸೂರಿನ ಗಾಳಿಯಲ್ಲ, ರಾಮೇಶ್ವರದ ಹತ್ತಿರದ ಒಂದು ಕಡಲ ದಂಡೆಯದು. ಅಲ್ಲಿ ಇವತ್ತು ಎಷ್ಟು ಜೋರು, ಯಾವ ದಿಕ್ಕಿನಿಂದ, ಮಧ್ಯಾಹ್ನಕ್ಕೆ ಏರುತ್ತದೋ ಇಳಿಯುತ್ತದೋ. ಐವತ್ತೊಂದು ವರ್ಷದ, ಎಪ್ಪತ್ತನಾಲ್ಕು ಕೆಜಿಯ, ಮಂಡಿ ನೋವಿನ ಹೆಂಗಸಿಗೆ ಇದೆಲ್ಲ ಯಾಕೆ ಅಂತ ನೀವು ಕೇಳಬಹುದು. ನಮ್ಮ ಯಜಮಾನರು ದಿನಾ ಕೇಳುತ್ತಾರೆ. ಆ ನೀರಿನ ಮೇಲೆ ಹಲಗೆ ತುಳಿದು ನಿಂತು, ಗಾಳಿಪಟ ಎಳೆದ ಕಡೆಗೆ ನಾನು ಒಂದು ಸಲ ಹೋಗಬೇಕು. ಒಂದೇ ಒಂದು ಸಲ. ಇರುವುದು ಅಷ್ಟೇ ಆಸೆ, ಆದರೆ ಅದು ನನ್ನನ್ನು ಬಿಡುತ್ತಿಲ್ಲ.

ಇದನ್ನು ಮನೆಗೆ ತಂದವಳು ನನ್ನ ಮಗಳು. ಆಗ ಅವಳಿಗೆ ಇಪ್ಪತ್ತು ವರ್ಷ, ಬಿ.ಕಾಂ. ಕೊನೆಯ ವರ್ಷ. ತಲೆಗೆ ಹೊಕ್ಕಿದ್ದು ಹೊರಗೆ ಬರುವ ಜಾತಿಯಲ್ಲ. ಕೈಟ್ ಸರ್ಫಿಂಗ್ ಕಲಿಯುತ್ತೇನೆ ಅಂದಳು, ವೀಡಿಯೊ ತೋರಿಸಿದಳು. ಒಂದು ಕೋಣೆಯಷ್ಟು ಅಗಲದ ಬಟ್ಟೆಯ ಗಾಳಿಪಟ. ಅದರ ದಾರಗಳು ಬಂದು ಸೊಂಟದ ಪಟ್ಟಿಗೆ ಸೇರುತ್ತವೆ. ಕೈಯಲ್ಲೊಂದು ಅಡ್ಡ ಕೋಲು, ಕಾಲ ಕೆಳಗೊಂದು ಹಲಗೆ. ಗಾಳಿ ಪಟವನ್ನು ಎಳೆಯುತ್ತದೆ, ಪಟ ಮನುಷ್ಯರನ್ನು ನೀರಿನ ಮೇಲೆ ಎಳೆದುಕೊಂಡು ಹೋಗುತ್ತದೆ.

"ಮೈಸೂರಲ್ಲಿ ಸಮುದ್ರ ಎಲ್ಲಿದೆ? ಕುಕ್ಕರಹಳ್ಳಿ ಕೆರೇಲಿ ಮಾಡ್ತೀಯಾ?" ಎಂದು ಯಜಮಾನರು ಪೇಪರಿನ ಹಿಂದಿನಿಂದ ಕೇಳಿದರು. ಮೂರು ದಿನ ಅವಳು ಸರಿಯಾಗಿ ಊಟ ಮಾಡದೆ ಎದ್ದ ಮೇಲೆ ನನ್ನ ಕಡೆ ತಿರುಗಿದರು. "ಒಬ್ಬಳನ್ನೇ ಕಳ್ಸೋಕಾಗಲ್ಲ. ನೀನೂ ಜೊತೇಲಿ ಹೋಗ್ಬುಡು. ಹೆಂಗೂ ಕೆಲ್ಸ ಇಲ್ವಲ್ಲ."

ಹೀಗೆ ನಾನು ಕಾವಲಿಗೆ ಹೊರಟವಳು. ರಾಮೇಶ್ವರ ಅಂದ ಕೂಡಲೇ ಎದುರು ಮನೆಯಾಕೆ ಕೈ ಮುಗಿದುಬಿಟ್ಟರು. "ಪುಣ್ಯವಂತೆ ಕಣಮ್ಮ ನೀನು! ನನ್ನ ಹೆಸರಲ್ಲೂ ಒಂದು ಮುಳುಗು ಹಾಕ್ಬುಡು." ನಿಜ ಹೇಳಲು ಧೈರ್ಯವಾಗದೆ ಹೂಂ ಅಂದೆ. ಆಮೇಲೆ ಅವರ ಹೆಸರಿನಲ್ಲಿ ನಾನು ಹಾಕಿದ ಮುಳುಗುಗಳನ್ನು ಕಂಡಿದ್ದರೆ ಆಕೆ ದೇವರ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು.

ಕಲಿಸುವವನು ಮಂಗಳೂರಿನ ಕಡೆಯವನು. ಮೂವತ್ತರ ಆಸುಪಾಸು, ಬಿಸಿಲಿಗೆ ಸುಟ್ಟು ಹಂಚಿನ ಬಣ್ಣ. ನನಗೊಬ್ಬ ಮಗನಿದ್ದಿದ್ದರೆ ಅವನ ವಯಸ್ಸಿನವನೇ ಇರಬಹುದು, ಆದರೂ ಕಲಿಸುವವರನ್ನು ಏಕವಚನದಲ್ಲಿ ಕರೆಯಲು ಬಾಯಿ ಬರಲಿಲ್ಲ, ಮೇಷ್ಟ್ರೇ ಅಂದೆ. ಅದೇ ಉಳಿಯಿತು. ದಂಡೆಯ ಮೇಲೆ ಚಪ್ಪಲಿ ಕಾಯುತ್ತಾ ಕೂತಿದ್ದ ನನ್ನನ್ನು ಅವರೇ ಕರೆದರು. "ಸುಮ್ಮನೆ ಕೂತುಕೊಂಡು ಎಂತ ಮಾಡ್ತೀರಿ? ಬನ್ನಿ, ಸೊಂಟದ ನೀರು ಅಷ್ಟೇ." ನನ್ನ ತೋಳು ಹಿಡಿದುಕೊಂಡೇ ಕರೆದೊಯ್ದರು, ಹಾಗಾಗಿ ಬೇಡ ಅನ್ನಲು ಪುರಸೊತ್ತೇ ಸಿಗಲಿಲ್ಲ. ಪಟ್ಟಿ ಬಿಗಿದರು, ಕೋಲು ಕೈಗೆ ಕೊಟ್ಟರು. ಪಟ ಒಂದು ಸಲ ಬಾಗಿತು. ಅಷ್ಟೇ ನೋಡಿ, ನಾನು ಹೊಟ್ಟೆಯ ಮೇಲೆ ನೀರನ್ನು ಸೀಳಿಕೊಂಡು ಹೊರಟಿದ್ದೆ! ಹತ್ತು ಮಾರು ದೂರ ಹೋಗಿರಬಹುದು. ಬಾಯಿ ತುಂಬ ಉಪ್ಪುನೀರು, ಚೂಡಿದಾರದ ದುಪಟ್ಟಾ ಎಲ್ಲೋ. ನಾನು ಕಿರುಚುತ್ತಿದ್ದೇನೆ ಅಂದುಕೊಂಡು ಮಗಳು ಓಡಿ ಬಂದಳು. ನಾನು ನಗುತ್ತಿದ್ದೆ. ಮೂವತ್ತು ವರ್ಷದ ಸಂಸಾರದಲ್ಲಿ ಯಾರೂ, ಯಾವುದೂ ನನ್ನನ್ನು ಹಾಗೆ ಎತ್ತಿಕೊಂಡು ಹೋಗಿರಲಿಲ್ಲ. ಎತ್ತಿ ಇಳಿಸುವ ಕೆಲಸ ಯಾವಾಗಲೂ ನನ್ನದೇ ಆಗಿತ್ತು.

ಆ ವಾರವಿಡೀ ಇಬ್ಬರೂ ಕಲಿತೆವು. ಮಗಳು ಕೊನೆಯ ದಿನ ಹಲಗೆಯ ಮೇಲೆ ಎದ್ದು ನಿಂತಳು. ನಾನು ಏಳುವಷ್ಟರಲ್ಲಿ ಬೀಳುತ್ತಿದ್ದೆ, ಪ್ರತಿ ಸಲವೂ ಇನ್ನೇನು ನಿಂತೆ ಅನ್ನುವಾಗ. ಆ 'ಇನ್ನೇನು' ನನ್ನ ಜೊತೆ ಮೈಸೂರಿಗೆ ಬಂತು.

ಮುಂದಿನ ವರ್ಷಕ್ಕೆ ಸ್ವಂತದ್ದೊಂದು ಪಟ ಇರಲಿ ಎಂದು ಮಗಳು ಹಟ ಹಿಡಿದಳು. ಯಜಮಾನರು ಒಂದಕ್ಕೆ ಒಪ್ಪಿದರು, ಒಂದಕ್ಕೆ ಮಾತ್ರ. ಸೆಕೆಂಡ್ ಹ್ಯಾಂಡ್ ಆದರೂ ಚೆನ್ನಾಗಿರುವುದನ್ನು ನೋಡಿ ಕೊಡುತ್ತೇನೆ ಅಂದ ಮೇಷ್ಟ್ರು ಫೋನಿನಲ್ಲೇ ಪಾಠವನ್ನೂ ಮಾಡಿದರು. ಮೊದಲನೇ ಪಟ ಕೊಳ್ಳುವಾಗ ಅದು ಎಷ್ಟು ಎಳೆಯುತ್ತದೆ ಅಂತ ಕೇಳಬಾರದಂತೆ, ಕೋಲು ಬಿಟ್ಟ ತಕ್ಷಣ ಎಷ್ಟು ಸುಮ್ಮನಾಗುತ್ತದೆ ಅಂತ ಕೇಳಬೇಕಂತೆ. ನೀರಿಗೆ ಬಿದ್ದರೆ ತಾನೇ ಮೇಲೇಳುವ ಸ್ವಭಾವ ಇರಬೇಕು. ಪಂದ್ಯದವರು ಬಳಸಿ ಬಿಟ್ಟದ್ದನ್ನು ಅಗ್ಗ ಅಂತ ಮುಟ್ಟಬಾರದು. ಬಟ್ಟೆ ಕರಕರ ಅನ್ನಬೇಕು. ಹಳೇ ಸೀರೆಯ ಹಾಗೆ ಮೆತ್ತಗಾಗಿದ್ದರೆ ಆಯಸ್ಸು ಮುಗಿದಿದೆ ಅಂತ. ಇದು ನನಗೆ ಎರಡನೇ ಸಲ ಹೇಳಬೇಕಾಗಲಿಲ್ಲ. ಬಟ್ಟೆ ಮುಟ್ಟಿ ಬದುಕಿದ ಕೈ ನನ್ನದು.

"ಉಳಿದದ್ದು ಸೈಜು, ಬಟ್ಟೆ ಎಷ್ಟು ಚದರ ಮೀಟರ್ ಅಂತ. ಅದು ಗಾಳಿಯ ಮೇಲೆ, ತೂಕದ ಮೇಲೆ. ಮೇಡಂ, ತೂಕ ಎಷ್ಟು ಹೇಳಿ."

ನಾನು ಯೂನಿಫಾರಂ ಹೊಲಿಯುವವಳು. ಅಳತೆ ಕೊಡಲು ಬಂದ ಪ್ರತಿ ತಾಯಿಯೂ ನನಗೆ ಹೇಳುವ ಮಾತು ಒಂದೇ: "ಬೆಳೆಯೋ ಮಕ್ಕಳು ಕಣ್ರೀ, ಒಂಚೂರು ದೊಡ್ಡದಾಗೇ ಇರ್ಲಿ." ನಾನೂ ಒಳಗೆ ಎರಡಿಂಚು ಮಡಚಿ ಹೊಲಿಯುತ್ತೇನೆ, ಮುಂದಿನ ವರ್ಷ ಬಿಚ್ಚಿ ಇಳಿಸಿದರಾಯಿತು. ಆ ಅಭ್ಯಾಸದ ಬಾಯಿಂದಲೇ ಮಾತು ಬಂತು ಅಂತ ಆಗ ನನಗೆ ನಾನೇ ಹೇಳಿಕೊಂಡೆ.

"ಐವತ್ತು ಕೆಜಿ. ಆದ್ರೆ ಮೇಷ್ಟ್ರೇ, ಹನ್ನೆರಡು ಮೀಟರಿಂದೇ ಕಳ್ಸಿಬುಡಿ. ಬೆಳೆಯೋ ಹುಡುಗಿ."

ಮೇಷ್ಟ್ರು ಇನ್ನೊಂದು ಪ್ರಶ್ನೆ ಹಾಕಿದರು.

"ಪ್ರಾಯ ಎಷ್ಟು ಅವಳಿಗೆ?"

"ಇಪ್ಪತ್ತು."

"ಇಪ್ಪತ್ತರ ಮೇಲೆ ಇನ್ನೆಂತ ಬೆಳೆಯುದು ಮಾರಾಯ್ರೆ! ಇದು ಯೂನಿಫಾರಂ ಅಲ್ಲ, ಒಳಗೆ ಮಡಚಿ ಇಡ್ಲಿಕ್ಕೆ. ಐವತ್ತು ಕೆಜಿಯ ಹುಡುಗಿಗೆ ಹನ್ನೆರಡು ಕೊಟ್ಟರೆ ಅವಳನ್ನು ನಾವು ಶ್ರೀಲಂಕಾದಲ್ಲಿ ಹುಡುಕಬೇಕು. ಅವಳಿಗೆ ಒಂಬತ್ತು ಸರಿ. ಹನ್ನೆರಡು ಎಪ್ಪತ್ತು, ಎಪ್ಪತ್ತೈದು ಕೆಜಿ ಇರುವವರಿಗೆ."

ಪಕ್ಕದಲ್ಲಿ ಕೂತ ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಅಮ್ಮಾ, ನಿನ್ನ ಎರಡಿಂಚು ಇಲ್ಲೂ ಬಿಡಲಿಲ್ವಾ?" ನಾನೂ ನಕ್ಕೆ. ಆದರೆ ಕಿವಿ ಬಿಸಿಯಾಗಿತ್ತು. ಇಪ್ಪತ್ತು ವರ್ಷದವಳು ಬೆಳೆಯುವುದಿಲ್ಲ ಅಂತ ಗೊತ್ತಿಲ್ಲದಷ್ಟು ದಡ್ಡಿಯಲ್ಲ ನಾನು. ಹನ್ನೆರಡು ಯಾರ ಅಳತೆ ಅಂತಲೂ ಗೊತ್ತಿತ್ತು. ಆ ವಾರ ನನ್ನನ್ನು ಎಳೆದ ಪಟದ ರೆಕ್ಕೆಯ ಮೇಲೆ ಬರೆದಿದ್ದ ಅಂಕಿ ಅದೇ. ಮಗಳ ಹೆಸರಿನಲ್ಲಿ ನನ್ನ ಪಟ ಕೇಳಿದ್ದೆ. ಸಿಕ್ಕಿಬಿದ್ದೆ. ಸಿಕ್ಕಿಬಿದ್ದದ್ದು ನನಗೆ ಮಾತ್ರ ಗೊತ್ತಾಯಿತು. "ಹಂಗಾದ್ರೆ ಒಂಬತ್ತೇ ಇರ್ಲಿ" ಅಂದೆ.

ಒಂಬತ್ತರದ್ದು ಬಂತು. ಶ್ರೀರಾಂಪುರದ ಆಚೆ, ಹೊಸ ಬಡಾವಣೆಯಲ್ಲಿ ಇನ್ನೂ ಮನೆ ಏಳದ ಸೈಟುಗಳ ನಡುವೆ ಬಿಡಿಸಿದೆವು. ದಾರ ಕಟ್ಟಕೂಡದು, ಗಾಳಿ ತುಂಬಿ ತೂತು ಇದೆಯೇ ನೋಡಿ ಮಡಚಿಡಿ ಅಂತ ಮೇಷ್ಟ್ರ ಅಪ್ಪಣೆ. ಪಂಪು ಹೊಡೆದಂತೆಲ್ಲ ಅದು ಬೆನ್ನು ಬಾಗಿಸಿಕೊಂಡು ಎದ್ದಿತು, ಕಿತ್ತಳೆ ಬಣ್ಣ. ಹಾಲು ಹಾಕಿ ಬರುತ್ತಿದ್ದ ಒಬ್ಬರು ಸ್ಕೂಟರ್ ನಿಲ್ಲಿಸಿದರು. "ಏನ್ರವ್ವ ಇದು, ಶಾಮಿಯಾನ ಮಾರೋಕಿಟ್ಟಿದ್ದೀರಾ?" ನಾನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಆಷಾಢದ ಗಾಳಿ ಪಟದ ಕೆಳಗೆ ನುಗ್ಗಿ ನನ್ನ ಎರಡು ಕೈಯನ್ನೂ ಮೇಲಕ್ಕೆ ಎತ್ತುತ್ತಿತ್ತು. ಹೊಲಿಗೆಯ ಮೇಲೆ ಬೆರಳಾಡಿಸಿದೆ. ಎಷ್ಟು ನಾಜೂಕು ಕೆಲಸ! ಎಲ್ಲೂ ಒಂದು ನೂಲೂ ಹೆಚ್ಚಿಗೆ ಬಿಟ್ಟಿರಲಿಲ್ಲ.

ಈ ವರ್ಷ ಮತ್ತೆ ಹೋದೆವು. ಮಗಳು ನೀರಿನಲ್ಲಿ ನಿಲ್ಲುತ್ತಿದ್ದಳು. ನಾನು ದಂಡೆಯ ಮೇಲೆ ಪಟದ ತುದಿ ಎತ್ತಿ ಹಿಡಿದು, ಅವಳು ಹೆಬ್ಬೆರಳು ತೋರಿಸಿದಾಗ ಬಿಡುತ್ತಿದ್ದೆ. ಪಟ ಏರುತ್ತಿತ್ತು, ಅವಳು ಹೋಗುತ್ತಿದ್ದಳು. ಸಂತೋಷವಾಗುತ್ತಿತ್ತು, ಸುಳ್ಳೇಕೆ ಹೇಳಲಿ, ಹೊಟ್ಟೆಯೂ ಉರಿಯುತ್ತಿತ್ತು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು! ರಾಮೇಶ್ವರಕ್ಕೆ ಹೋದರೂ ಶನೀಶ್ವರ ಬಿಡಲಿಲ್ಲ ಅನ್ನುವುದು ಇದಕ್ಕೇ ಇರಬೇಕು. ಮಗಳು ದಿನಾ ಕರೆದಳು, ನಾನೂ ದಿನಾ ಇಳಿದೆ. ಸೊಂಟದ ನೀರಿನಲ್ಲಿ ಹಲಗೆ ಕಾಲಿಗೆ ಸಿಕ್ಕಿಸಿಕೊಂಡು ಕೂತರೆ ಒಂಬತ್ತರ ಪಟ ನನ್ನನ್ನು ಇಷ್ಟೇ ಎಳೆದು ಸುಸ್ತಾಗಿ ನಿಲ್ಲುತ್ತಿತ್ತು. ಎಮ್ಮೆಗೆ ಕರುವಿನ ಹಗ್ಗ ಹಾಕಿದ ಹಾಗೆ. ದೊಡ್ಡ ಪಟ ಬಾಡಿಗೆಗೆ ಕೇಳೋಣವೆಂದರೆ ಇದ್ದ ಎರಡನ್ನೂ ಬೇರೆಯವರು ಹಿಡಿದಿದ್ದರು.

ಹೊರಡುವ ದಿನ ಮಧ್ಯಾಹ್ನ ಗಾಳಿ ಎದ್ದಿತು. ಎಂಥ ಗಾಳಿ! ಮರಳು ಕಾಲಿಗೆ ಚುಚ್ಚುತ್ತಿತ್ತು. ಮಗಳನ್ನು ಪಟ ಎರಡು ಸಲ ನೀರಿನಿಂದ ಕಿತ್ತೆಸೆಯಿತು. ಅವಳು ಹೆದರಿ ಹೊರಗೆ ಬಂದಳು. ಮೇಷ್ಟ್ರು ಪಟವನ್ನು ಮರಳಿನ ಮೇಲೆ ಹಿಡಿದು ಕೂತು ಕಡಲು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಪಟ ಚಿಕ್ಕದು, ಗಾಳಿ ದೊಡ್ಡದು. ಮಗಳಿಗೆ ಹೆಚ್ಚಾದದ್ದು ನನ್ನ ತೂಕಕ್ಕೆ ಸರಿಯಾಗುತ್ತದೆ ಅನ್ನುವ ಲೆಕ್ಕ ಅವರ ಮುಖದಲ್ಲಿ ಕಂಡಿತು.

"ಮೇಡಂ, ಈಗ ಬೀಸುದು ನಿಮ್ಮ ಗಾಳಿ. ಅರ್ಧ ಗಂಟೆ ಉಂಟು, ನಾನೂ ಜೊತೆಗೆ ಬರ್ತೇನೆ. ಹೋಗುದಾ?"

ವರ್ಷವಿಡೀ ನಾನು ಕಾದದ್ದು ಈ ಮಾತಿಗೆ. ಆದರೆ ಬಾಯಿ ಹೇಳಿದ್ದು ಹೀಗೆ: "ಅಯ್ಯೋ, ನನಗ್ಯಾಕೆ? ಬೇಡ ಬುಡಿ."

ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಯಾರ ಮನೆಗೆ ಹೋದರೂ, ಕಾಫಿ ಅಂದರೆ ಮೊದಲು 'ಬೇಡ ಬುಡಿ, ಈಗ್ತಾನೆ ಆಯ್ತು' ಅನ್ನುತ್ತೇವೆ. ಅವರು 'ಅರ್ಧ ಲೋಟ ಕುಡೀರಿ' ಅನ್ನಬೇಕು. ಆಗ 'ನಿಮ್ಮ ಬಲವಂತ' ಅಂದು ಪೂರ್ತಿ ಲೋಟ ಕುಡಿಯುತ್ತೇವೆ. ಮೊದಲನೇ ಸಲಕ್ಕೇ ಹೂಂ ಅಂದವರನ್ನು ನಮ್ಮಮ್ಮ ಹಿಂದಿನಿಂದ ಆಡಿಕೊಳ್ಳುತ್ತಿದ್ದಳು. ಆದರೆ ಬೇಡ ಅಂದವರನ್ನು ನೀರಿಗೆ ಇಳಿಸಬಾರದು, ಎರಡನೇ ಸಲ ಕೇಳಲೂಬಾರದು ಅನ್ನುವುದು ಕಡಲಿನವರ ನಿಯಮ. ಮನಸ್ಸಿಲ್ಲದವರನ್ನು ಒತ್ತಾಯ ಮಾಡಿದರೆ ಪ್ರಾಣಕ್ಕೆ ಬರುತ್ತದೆ. ಮೇಷ್ಟ್ರು "ಆಯ್ತು ಮೇಡಂ" ಅಂದರು, ಎದ್ದರು, ಬೇರೆ ಪಟಗಳನ್ನು ಇಳಿಸಲು ದಂಡೆಯ ಆ ತುದಿಗೆ ಹೊರಟುಹೋದರು.

ನಾನು ಸೊಂಟದ ಪಟ್ಟಿ ಕೈಯಲ್ಲಿ ಹಿಡಿದುಕೊಂಡು ನಿಂತೇ ಇದ್ದೆ. ಮಗಳು ಪಟದ ಮೂತಿ ತೆರೆದಳು, ಗಾಳಿ ಬುಸ್ಸೆಂದು ಹೊರಗೆ ಬಂತು. ಅವಳು ಮಂಡಿಯೂರಿ ಒಂದು ಕಡೆಯಿಂದ ಪಟ ಸುತ್ತುತ್ತಾ ಬಂದಳು, ನನ್ನ ಕಾಲಿನ ಹತ್ತಿರ ಬಂದಾಗ ತಲೆ ಎತ್ತಿದಳು.

"ಯಾಕಮ್ಮ ಬೇಡ ಅಂದೆ? ವರ್ಷಪೂರ್ತಿ ಅದೇ ಜಪ ಮಾಡ್ತಿದ್ದೆ, ಭಯ ಆಯ್ತಾ?"

"ಇಲ್ಲ ಕಣೆ," ಅಂದೆ. "ಇನ್ನೊಂದ್ಸಲ ಕೇಳ್ತಾರೆ ಅಂತ ಕಾಯ್ತಿದ್ದೆ."