ಕುಬ್ಜ ಗ್ಯಾಲಕ್ಸಿಯ ಆಚೆ ಬದಿಯ ಮೋಡ

ಕೋವಿಡ್ ಮುಗಿದು ಕಾಲೇಜುಗಳು ಪೂರ್ತಿ ತೆರೆದ ವರ್ಷ ನಾನು ರಾಯದುರ್ಗದ ಕಾಲೇಜೊಂದರಲ್ಲಿ ಭೌತಶಾಸ್ತ್ರದ ಅಧ್ಯಾಪಕನಾಗಿದ್ದೆ. ನನ್ನ ಸ್ವಂತ ಊರು ಮಡಕಶಿರ. ನಿವೃತ್ತಿಗೆ ಎರಡೇ ವರ್ಷ ಉಳಿದಿತ್ತು. ನನ್ನ ಕೈಕೆಳಗೆ ಪಿಎಚ್‌.ಡಿ. ಮಾಡುತ್ತಿದ್ದ ಕೊನೆಯ ವಿದ್ಯಾರ್ಥಿನಿ ರೇಣುಕಾ. ಅವಳ ಮನೆಯಲ್ಲಿ ಜೀನ್ಸ್ ಹೊಲಿಯುತ್ತಿದ್ದರು. ಬೆಳಗ್ಗೆ ಅತ್ತೆಯ ಜೊತೆ ಮಷೀನಿಗೆ ಕೂತು, ಮಧ್ಯಾಹ್ನ ಲ್ಯಾಬಿಗೆ ಬರುತ್ತಿದ್ದಳು.

ನಮ್ಮ ವಿಷಯ ಒಂದು ಕುಬ್ಜ ಗ್ಯಾಲಕ್ಸಿ. ಎಂದರೆ ನಮ್ಮ ಆಕಾಶಗಂಗೆಗೆ ಹೋಲಿಸಿದರೆ ತೀರಾ ಚಿಕ್ಕದೆನಿಸುವ ನಕ್ಷತ್ರಗಳ ಗುಂಪು. ರೇಡಿಯೊ ದೂರದರ್ಶಕವೊಂದರ ಹಳೆಯ ಡೇಟಾ ಎಲ್ಲರಿಗೂ ಮುಕ್ತವಾಗಿ ಸಿಗುತ್ತಿತ್ತು. ಅದರಿಂದ ಆ ಗ್ಯಾಲಕ್ಸಿಯ ಹೈಡ್ರೋಜನ್ ಅನಿಲದ ಚಲನೆ ಅಳೆಯುತ್ತಿದ್ದೆವು. ನಕ್ಷತ್ರಗಳು ಹುಟ್ಟುವುದು ಈ ಅನಿಲದಿಂದಲೇ. ಅನಿಲದ ಒಂದು ಮೋಡ ಮಾತ್ರ ಗ್ಯಾಲಕ್ಸಿಗೆ ಹೋಲಿಸಿದರೆ ನಮ್ಮ ಕಡೆಗೆ ಸರಿಯುತ್ತಿತ್ತು. ಅದು ಗ್ಯಾಲಕ್ಸಿಯ ಮುಂದಿದೆ, ಸಿಡಿದ ನಕ್ಷತ್ರಗಳು ಅದನ್ನು ಹೊರಗೆ ತಳ್ಳಿವೆ, ಅನಿಲ ಬರಿದಾಗುತ್ತಿದೆ, ಇನ್ನು ಅಲ್ಲಿ ನಕ್ಷತ್ರ ಹುಟ್ಟುವುದು ನಿಲ್ಲುತ್ತದೆ ಎಂದು ಪ್ರಬಂಧ ಬರೆದು ಜರ್ನಲ್‌ಗೆ ಕಳಿಸಿದೆವು. ಒಪ್ಪಿಗೆಯೂ ಬಂತು.

ಮರುದಿನ ರೇಣುಕಾ ಲ್ಯಾಬಿನ ಬಾಗಿಲಲ್ಲೇ ನಿಂತಳು.

"ಸರ್, ಆ ಮೋಡ ಗ್ಯಾಲಕ್ಸಿ ಮುಂದ ಐತಿ ಅಂತ ಹೆಂಗ ಹೇಳಿದ್ವಿರಿ?"

"ನಮ್ಮ ಕಡೀಕೆ ಬರ್ತಾ ಐತಲ್ಲಮ್ಮ."

"ಹಿಂದ ಇದ್ರೂ ನಮ್ಮ ಕಡೀಗೇ ಬರತೈತಲ್ರಿ. ಹಂಗಿದ್ರ ಅದು ಹೊರಗ ಹೋಗ್ತಿಲ್ಲ ಸರ್, ಒಳಗ ಬೀಳ್ತೈತಿ."

ಬಂದ ಅಲೆಗಳನ್ನು ಬಿಡಿಸಿ ನೋಡುವ ವರ್ಣಪಟಲ ವೇಗವನ್ನು ಹೇಳುತ್ತದೆ, ವಸ್ತು ಯಾವ ಬದಿಗಿದೆ ಎಂಬುದನ್ನಲ್ಲ. ನಾನೇ ಜೀವನವಿಡೀ ಬೋಧಿಸಿದ ಪಾಠ! ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಿಟ್ಟು ಬಂತು. "ಎಲ್ಲಾ ಮುಗಿದ್ಮೇಲೆ ಈಗ ಹೇಳ್ತೀಯಲ್ಲಮ್ಮ" ಎಂದು ಗದರಿದೆ.

ಅವಳು ಕಣ್ಣು ತಗ್ಗಿಸಲಿಲ್ಲ. "ತಪ್ಪಾದ್ರ ನನ್ನ ಹೆಸರೂ ಅದರಾಗ ಐತ್ರಿ" ಎಂದಳು.

ಅಂದೇ ಸಂಜೆ ಸಂಪಾದಕರಿಗೆ ಬರೆದು ಪ್ರಕಟಣೆ ತಡೆದೆ. ಮುಂದಿನ ಪರೀಕ್ಷೆಯನ್ನು ರೇಣುಕಾಳೇ ವಹಿಸಿಕೊಂಡಳು. ಮೋಡ ಮುಂದಿದ್ದರೆ, ಗ್ಯಾಲಕ್ಸಿಯ ಒಳಗಿಂದ ಬರುವ ರೇಡಿಯೊ ಅಲೆಗಳಲ್ಲಿ ಸ್ವಲ್ಪವನ್ನಾದರೂ ಅದು ಹೀರಿಕೊಂಡ ಗುರುತು ಇರಬೇಕು. ಹಿಂದಿದ್ದರೆ ಇರಬಾರದು. ವಾರಗಟ್ಟಲೆ ಲೆಕ್ಕ ನಡೆಯಿತು. ಒಂದು ಭಾನುವಾರ ನಾನು ಮಡಕಶಿರದಲ್ಲಿದ್ದಾಗ ಫೋನು ಬಂತು.

"ಗುರುತು ಇಲ್ರಿ ಸರ್. ಮೂರು ಸಲ ನೋಡಿದೆ."

ಮರುದಿನ ಬಸ್ಸಿಳಿದವನು ನೇರ ಅವಳ ಮನೆಗೆ ಹೋದೆ. ಬಟ್ಟೆಯ ರಾಶಿಯ ಪಕ್ಕದಲ್ಲಿ ಲ್ಯಾಪ್‌ಟಾಪ್ ಇಟ್ಟು ನಕ್ಷೆಗಳನ್ನು ಒಂದೊಂದಾಗಿ ನೋಡಿದೆ. ಅವಳ ಮಾತು ನಿಜವಾಗಿತ್ತು. ಅನಿಲ ಹೊರಗಿನಿಂದ ಗ್ಯಾಲಕ್ಸಿಯೊಳಗೆ ಬರುತ್ತಿರುವ ಸಾಧ್ಯತೆಯೇ ಹೆಚ್ಚು.

ಅತ್ತೆ ಪಾರ್ವತಮ್ಮ ಮಷೀನು ನಿಲ್ಲಿಸಿದರು. "ಹಂಗಾರ ಅಲ್ಲಿ ಇನ್ನೂ ಚುಕ್ಕಿ ಹುಟ್ತಾವೇನ್ರಿ ಮೇಷ್ಟ್ರೇ?"

"ಹುಟ್ಟೋ ಹಂಗೇ ಕಾಣ್ತೈತಮ್ಮ."

"ಚಲೋ ಆತು ಬಿಡ್ರಿ" ಎಂದು ಸೊಸೆಯ ಬೆನ್ನು ತಟ್ಟಿದರು.

ತಿದ್ದಿದ ಪ್ರಬಂಧದಲ್ಲಿ ರೇಣುಕಾಳ ಹೆಸರನ್ನು ಮೊದಲು ಹಾಕಿದೆ. ಅದು ಪ್ರಕಟವಾಯಿತು, ಅವಳಿಗೆ ಡಾಕ್ಟರೇಟೂ ಬಂತು. ಈಗ ಅವಳು ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ.

ಅಳತೆ ಸರಿಯಿದ್ದೂ ಅರ್ಥ ತಪ್ಪಬಹುದು ಎಂಬುದನ್ನು ನಾನು ಕಲಿತದ್ದು ಕೆಲಸದ ಕೊನೆಗಾಲದಲ್ಲಿ, ಅದೂ ನನ್ನ ವಿದ್ಯಾರ್ಥಿನಿಯಿಂದ. ಯಾವುದನ್ನಾದರೂ 'ಮುಗಿಯಿತು' ಎಂದು ಬರೆಯುವ ಮುನ್ನ, ಅದರ ಆಚೆ ಬದಿಯನ್ನೂ ಒಮ್ಮೆ ನೋಡಬೇಕು.