ನೀಲಾಂಬಿಕಾ ಮಿಸ್ ಬಾಸ್ಟನ್ ಬೀದಿಯನ್ನು ವಿಚಾರಿಸಿದ್ದು

ಬೇಗೂರಿನಲ್ಲಿ ವೆಂಕಟಮ್ಮನವರ ಮನೆ ಹಳೆಯ ಕೆರೆ ಏರಿಯ ಹತ್ತಿರ ಇದೆ. ಕೆಳಗೆ ಅವರೇ ಇದ್ದಾರೆ. ಒಂದನೇ ಮಹಡಿಯಲ್ಲಿ ಎರಡು ಬಾಡಿಗೆ ಮನೆ, ಅದರಲ್ಲೊಂದು ನಮ್ಮದು. ಅದರ ಮೇಲೆ ನೀರಿನ ಟ್ಯಾಂಕಿನ ಪಕ್ಕ ಒಂಟಿ ಕೋಣೆ. ಅಲ್ಲಿ ನೀಲಾಂಬಿಕಾ ಮಿಸ್ ಇರುತ್ತಾರೆ. ನಾನು ಒಂಬತ್ತನೇ ತರಗತಿಗೆ ಶಾಲೆ ಬಿಟ್ಟವರ ಪೈಕಿ. ಆದರೂ ಮಿಸ್ ನನ್ನ ಹತ್ತಿರ ಪಾಠದ ಮಾತು ಆಡುವುದನ್ನು ಬಿಡಲಿಲ್ಲ. ಇಲ್ಲಿ ಮನೆಯ ಹತ್ತಿರ ನಡೆದದ್ದನ್ನು ನಾನು ನೋಡಿದ್ದೇನೆ. ಶಾಲೆಯಲ್ಲಿ ನಡೆದದ್ದನ್ನು ಮಿಸ್ ಹೇಳಿದ ಹಾಗೆ ಬರೆದಿದ್ದೇನೆ.

ಮಿಸ್ ರಾಯಚೂರು ಜಿಲ್ಲೆಯ ಮಸ್ಕಿ ಕಡೆಯವರು. ನಲವತ್ತರ ಆಸುಪಾಸು. ಹತ್ತಿ ಸೀರೆ ಉಟ್ಟು, ಕಾಲಿಗೆ ಓಡುವವರ ಶೂ ಹಾಕಿಕೊಂಡು ಬೆಳಿಗ್ಗೆ ಬಸ್ಸಿಗೆ ಹೋಗುತ್ತಾರೆ. ಅವರ ಕೋಣೆಯ ಗೋಡೆಯಲ್ಲಿ ಅಮೆರಿಕದ ದೊಡ್ಡ ಭೂಪಟ ಇದೆ. ಅದರ ಕೆಳಗಿನ ಹಲಗೆಯ ಮೇಲೆ ಶೇಂಗಾ ಚಟ್ನಿಪುಡಿ, ಗುರೆಳ್ಳು ಪುಡಿ, ಊರಿನಿಂದ ಬಂದ ಜೋಳದ ಹಿಟ್ಟು. ಮೊದಲು ಅವರು ಒಂದು ಕನ್ನಡ ಶಾಲೆಯಲ್ಲಿ ಹೈಸ್ಕೂಲಿಗೆ ಇತಿಹಾಸ ಹೇಳುತ್ತಿದ್ದರು. ದೊಡ್ಡ ಮಕ್ಕಳಿಗೆ ಇನ್ನೂ ಆಳವಾಗಿ ಕಲಿಸಬೇಕು ಎಂಬ ಆಸೆಯಿಂದ ಎಲೆಕ್ಟ್ರಾನಿಕ್ ಸಿಟಿಯ ಆಚೆಗಿರುವ ಒಂದು ಇಂಟರ್‌ನ್ಯಾಷನಲ್ ಶಾಲೆಗೆ ಸೇರಿದರು. ಅಲ್ಲಿ ಅವರಿಗೆ ಕೊಟ್ಟದ್ದು ಆರನೇ ತರಗತಿಯ ಸಮಾಜ ವಿಜ್ಞಾನ.

ಎರಡು ವರ್ಷ ಅದನ್ನೇ ಹೇಳಿದರು. ಆ ನಡುವೆ ಶಾಲೆಯವರು ಹನ್ನೊಂದನೇ ತರಗತಿಗೆ ಅಮೆರಿಕದ ಇತಿಹಾಸದ ಅಡ್ವಾನ್ಸ್ಡ್ ಕೋರ್ಸ್ ತರಲು ಯೋಚಿಸಿದರು. ಅಮೆರಿಕದಲ್ಲಿ ಕಾಲೇಜಿಗೆ ಹೋಗಬೇಕೆನ್ನುವ ಮಕ್ಕಳಿಗೆ ಅದು ಉಪಯೋಗ. ಮಿಸ್ ಬೇಸಿಗೆ ರಜೆಯಲ್ಲಿ ಆನ್‌ಲೈನ್ ತರಬೇತಿ ಮುಗಿಸಿ, ನಾನು ಕಲಿಸುತ್ತೇನೆ ಎಂದು ಹೇಳಿದರು. ಪ್ರಿನ್ಸಿಪಾಲ್ ವಿಶ್ವನಾಥ್ ಸರ್ ಒಪ್ಪಿದರು, ಆದರೆ ಒಂದು ಷರತ್ತು ಹಾಕಿದರು. ಮಾರ್ಚ್ ತಿಂಗಳ ಒಂದು ಶನಿವಾರ ಮಕ್ಕಳು ಮತ್ತು ತಂದೆತಾಯಿಗಳ ಮುಂದೆ ಮಿಸ್ ಕೋರ್ಸನ್ನು ಪರಿಚಯಿಸಬೇಕು. ಎಂಟು ಮಕ್ಕಳಾದರೂ ಹೆಸರು ಕೊಟ್ಟರೆ ಕೋರ್ಸ್ ಅವರದು. ಕೊಡದಿದ್ದರೆ ಹೊರಗಿನ ಒಂದು ಕಂಪನಿ ಅದನ್ನು ಪರದೆಯ ಮೇಲೆ ಕಲಿಸುತ್ತದೆ, ಮಿಸ್‌ಗೆ ಮತ್ತೆ ಆರನೇ ತರಗತಿ.

ಹಾಗಾಗಿ ಮಿಸ್ ಬಹಳ ತಯಾರಿ ಮಾಡಿದರು. ಒಂದು ಸಂಜೆ ಲ್ಯಾಪ್‌ಟಾಪನ್ನು ಟ್ಯಾಂಕಿನ ಕಟ್ಟೆಯ ಮೇಲಿಟ್ಟು ನಮ್ಮಿಬ್ಬರ ಮುಂದೆ ಹೇಳಿ ನೋಡಿದರು. ಇಬ್ಬರು ಎಂದರೆ ನಾನು ಮತ್ತು ಒಣಗಿಸಿದ್ದ ಹುಣಸೆಹಣ್ಣನ್ನು ಎತ್ತಲು ಬಂದಿದ್ದ ವೆಂಕಟಮ್ಮ. ಕೊಲಂಬಸ್‌ನಿಂದ ಶುರುವಾಗಿ ಇಸವಿಗಳು ಒಂದರ ಹಿಂದೆ ಒಂದು ಬಂದವು. ಯುದ್ಧ, ಒಪ್ಪಂದ, ತಿದ್ದುಪಡಿ. ನನಗೆ ಅರ್ಥವಾಗುತ್ತಿದೆ ಎಂದುಕೊಂಡಿದ್ದೆ. ಮುಗಿದ ಮೇಲೆ ನೋಡಿದರೆ ಏನೂ ನೆನಪಿರಲಿಲ್ಲ.

ವೆಂಕಟಮ್ಮ ಹುಣಸೆಯ ಬೀಜ ಬಿಡಿಸುತ್ತಲೇ ಕೇಳಿದರು. "ಮಿಸ್ಸಮ್ಮ, ಇದ್ರಲ್ಲಿ ಜನ ಯಾವಾಗ ಬತ್ತಾರೆ? ಬರೀ ಇಸ್ವಿಗಳೇ ಬತ್ತಾವಲ್ಲ."

"ಬರ್ತಾರ್ರಿ ಅಮ್ಮಾ, ಇನ್ನೂ ಮುಂದ ಐತ್ರಿ," ಎಂದರು ಮಿಸ್. ಆದರೆ ಮುಖ ಸಣ್ಣದಾಯಿತು.

ಅಷ್ಟರಲ್ಲಿ ಕೆಳಗೆ ಗೇಟಿನ ಸದ್ದಾಯಿತು. ನಮ್ಮ ಪಕ್ಕದ ಮನೆ ಖಾಲಿ ಇತ್ತು. ಅದನ್ನು ಕೇಳಿಕೊಂಡು ಒಬ್ಬರು ಬಂದಿದ್ದರು. ಹೆಸರು ಅಮರೇಶ್, ಬೊಮ್ಮಸಂದ್ರದ ಒಂದು ಕಾರ್ಖಾನೆಯಲ್ಲಿ ಕೆಲಸ, ಹೆಂಡತಿ ದುರ್ಗವ್ವ. ಈಗ ಇರುವುದು ಹೊಂಗಸಂದ್ರದಲ್ಲಿ. ವೆಂಕಟಮ್ಮ ಅವರಿಂದ ಹಳೆಯ ಓನರ್ ನಂಬರ್ ತೆಗೆದುಕೊಂಡು, ನಾಳಿದ್ದು ಬಾ ಎಂದು ಕಳಿಸಿದರು. ಮತ್ತೆ ಮೇಲೆ ಬಂದು ಸ್ಪೀಕರ್ ಹಾಕಿ ಫೋನ್ ಮಾಡಿದರು.

"ಬಂಗಾರದಂಥ ಮನುಷ್ಯ ಕಣಕ್ಕ," ಎಂದ ಆ ಕಡೆಯವನು. "ಒಂದಿನ ಸದ್ದು ಮಾಡಿದವನಲ್ಲ. ಬಾಡಿಗೆ ಕೇಳೋಕ್ ಮುಂಚೆ ತಂದ್ಕೊಡ್ತಾನೆ. ಕಣ್ಮುಚ್ಕೊಂಡು ಕೊಡಿ."

ವೆಂಕಟಮ್ಮ ಫೋನ್ ಇಟ್ಟು, "ಏನೋ ಐತೆ," ಎಂದರು.

ಮಿಸ್‌ಗೆ ಆಶ್ಚರ್ಯವಾಯಿತು. "ಚೊಲೋನ ಹೇಳಿದ್ರಲ್ರಿ ಅವರು."

"ಅದ್ಕೇ ಕಣಮ್ಮ. ಅಷ್ಟು ಒಳ್ಳೇವ್ನಾದ್ರೆ ಇವ್ನ್ಯಾಕೆ ಬಿಟ್ಕೊಡ್ತಾನೆ? ಬಾಡಿಗೆಯವ್ನು ತೊಲಗ್ಲಿ ಅನ್ನೋ ಓನರು ಒಗಳ್ತಾನೆ. ಇರ್ಲಿ ಅನ್ನೋನು ತೆಗಳ್ತಾನೆ. ನಾನೂ ಅಂಗೇ ಮಾಡಿವ್ನಿ."

"ಯಾರಿಗ್ರಿ?"

"ಅದ್ನ ಬುಡು."

ಮಿಸ್ ಲ್ಯಾಪ್‌ಟಾಪ್ ಮುಚ್ಚಿ ಹತ್ತಿರ ಬಂದು ಕೂತರು. "ಮತ್ತ ಖರೇ ಯಾವ್ದಂತ ಹೆಂಗ ಗೊತ್ತಾಕೈತ್ರಿ?"

"ಆ ಬೀದಿಗೇ ಓಗ್ಬೇಕು. ಅಂಗಡಿಯವ್ನ ಕೇಳ್ಬೇಕು. ನೀರಿನ ಕ್ಯಾನ್ ಆಕೋನ ಕೇಳ್ಬೇಕು. ಇವ್ರ ಜೊತೆ ಜಗಳ ಆಡಿರೋಳು ಯಾರಾದ್ರೂ ಇದ್ದೇ ಇರ್ತಾಳೆ, ಅವ್ಳನ್ನ ಕೇಳ್ಬೇಕು. ಅವ್ರೂ ಸುಳ್ಳು ಏಳ್ಬೋದು. ಆದ್ರೆ ಎಲ್ರೂ ಒಂದೇ ಸುಳ್ಳು ಏಳಲ್ಲ."

ನಮ್ಮ ಕಡೆಯ ಓನರುಗಳಿಗೆ ಇದೆಲ್ಲ ಹೊಸದಲ್ಲ. ಮನೆ ಕೊಡುವ ಮುಂಚೆ ಎಲ್ಲರೂ ಹೀಗೆ ವಿಚಾರಿಸುತ್ತಾರೆ. ನಮ್ಮನ್ನೂ ವಿಚಾರಿಸಿದ್ದರು. ಆದರೆ ಮಿಸ್ ಅದನ್ನು ಕೇಳಿ ಆ ಸಂಜೆ ಊಟದ ಮಾತೇ ಎತ್ತಲಿಲ್ಲ. ಮರುದಿನ ಭಾನುವಾರ. ವೆಂಕಟಮ್ಮ ಹೊಂಗಸಂದ್ರಕ್ಕೆ ಆಟೋ ಹತ್ತುವಾಗ ಮಿಸ್ ಕೂಡ, "ನಾನೂ ಬರ್ತೀನ್ರಿ," ಎಂದು ಹತ್ತಿದರು. ನನ್ನನ್ನೂ ಕರೆದರು.

ಅಂಗಡಿಯವನು ಹೇಳಿದ್ದು, ಅಮರೇಶ್ ಸಾಮಾನಿನ ದುಡ್ಡು ತಡ ಮಾಡುತ್ತಾನೆ, ಆದರೆ ಕೊಡದೆ ಇರುವುದಿಲ್ಲ. ಬಾಡಿಗೆಯೂ ಅಷ್ಟೇ. ನೀರಿನ ಕ್ಯಾನಿನವನು, ಆ ಅಣ್ಣ ಕ್ಯಾನನ್ನು ತಾನೇ ಮೆಟ್ಟಿಲು ಹತ್ತಿಸಿಕೊಳ್ಳುತ್ತಾನೆ ಎಂದ. ಎದುರು ಮನೆಯ ರಾಮಕ್ಕ ಮಾತ್ರ ಸೊಂಟಕ್ಕೆ ಕೈ ಕೊಟ್ಟು ನಿಂತರು.

"ಆ ದುರ್ಗವ್ವ ಇದಾಳಲ್ಲ, ಬಟ್ಟೆ ಒಣಗಾಕೋ ತಂತಿ ಪೂರ್ತಿ ಅವ್ಳದೇ. ಬಾಯಿ ಅಂದ್ರೆ ಬಾಯಿ. ಆದ್ರೆ ನನ್ನ ಮೊಮ್ಮಗನಿಗೆ ಜ್ವರ ಬಂದಾಗ ಆಸ್ಪತ್ರೆಗೆ ಎತ್ಕೊಂಡು ಓಡಿದ್ದೂ ಅವ್ಳೇ. ಓಗ್ತಾವ್ರಂತೆ. ಓನರ್ ಆ ರೂಮುಗಳನ್ನ ಸೇರಿಸಿ ಪೀಜಿ ಮಾಡ್ತಾನಂತಲ್ಲ, ಅದಕ್ಕೆ ಎಲ್ರನ್ನೂ ಎಬ್ಬಿಸ್ತಾವ್ನೆ."

ವಾಪಸು ಬರುವಾಗ ಸಿಗ್ನಲ್ಲಿನಲ್ಲಿ ಆಟೋ ನಿಂತಿತು. ಮಿಸ್ ತಮ್ಮಷ್ಟಕ್ಕೇ ಎಂಬಂತೆ ಹೇಳಿದರು. "ಹಂಗಾದ್ರ ಆ ಓನರ್ ತನ್ನ ಲಾಭಕ್ಕ ಹೊಗಳಿದ. ಆದ್ರೂ ಹೇಳಿದ್ರಾಗ ಬಾಳಷ್ಟು ಖರೇನ ಐತಿ."

"ಬಾಡಿಗೆ ಕೇಳೋಕ್ ಮುಂಚೆ ಕೊಡ್ತಾನೆ ಅಂದಿದ್ದು ಬಿಟ್ಟು," ಎಂದರು ವೆಂಕಟಮ್ಮ. ಆ ವಾರವೇ ಅಮರೇಶ್ ಮನೆಯವರು ನಮ್ಮ ಪಕ್ಕಕ್ಕೆ ಬಂದರು. ಬಟ್ಟೆ ತಂತಿಯ ವಿಷಯ ರಾಮಕ್ಕ ಹೇಳಿದ್ದು ನಿಜ.

ಮಿಸ್ ಇಸವಿಗಳ ಪಾಠವನ್ನು ಪೂರ್ತಿ ತೆಗೆದುಹಾಕಿದರು. ಒಂದೇ ಒಂದು ಘಟನೆ ಇಟ್ಟುಕೊಂಡರು.

ಇನ್ನು ಶನಿವಾರದ ಸಂಗತಿ. ಅಲ್ಲಿ ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲಿ ನಡೆಯಿತಂತೆ. ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಬೆಳ್ಳಂದೂರು, ಸರ್ಜಾಪುರ ರಸ್ತೆ ಕಡೆಯ ಅಪಾರ್ಟ್‌ಮೆಂಟುಗಳಿಂದ ತಂದೆತಾಯಿಗಳು ಬಂದಿದ್ದರು. ಕೆಲವರು ಅಮೆರಿಕದಲ್ಲಿ ಇದ್ದು ಬಂದವರು, ಕೆಲವು ಮಕ್ಕಳು ಅಲ್ಲೇ ಹುಟ್ಟಿದವರು. ಮೊದಲ ಮಾತಾಗಿ ಮಿಸ್ ಕೇಳಿದ್ದು ಇಷ್ಟು. ನಿಮ್ಮ ಒಂದು ಫ್ಲಾಟ್ ಖಾಲಿ ಇದೆ. ಒಬ್ಬ ಬಾಡಿಗೆಗೆ ಬಂದ. ಅವನ ಹಳೆಯ ಓನರ್ ಅವನನ್ನು ಬಾಯಿ ತುಂಬ ಹೊಗಳಿದ. ಫ್ಲಾಟ್ ಕೊಡುತ್ತೀರಾ?

ಎಲ್ಲರೂ ಒಟ್ಟಿಗೆ ಮಾತಾಡಿದರು.

"ಕೊಡಲೇಬಾರದು," ಎಂದರು ಒಬ್ಬ ತಾಯಿ. "ನಮಗೆ ಹಂಗೇ ಹೊಗಳಿ ಒಬ್ರನ್ನ ಕಳಿಸಿದ್ರು. ಹೋಗೋವಾಗ ಗೀಸರ್ ಕಿತ್ಕೊಂಡು ಹೋದ್ರು."

"ನೀವು ಮುಂದಿನ ಓನರ್‌ಗೆ ಏನು ಹೇಳಿದ್ರಿ ಮೇಡಂ?" ಎಂದು ಹಿಂದಿನಿಂದ ಯಾರೋ ಕೇಳಿದರು.

"ತುಂಬಾ ಒಳ್ಳೆಯವರು ಅಂದೆ."

ನಗು ನಿಂತ ಮೇಲೆ ಮಿಸ್, ವೆಂಕಟಮ್ಮ ಆ ಬೀದಿಯ ಅಂಗಡಿಯವನನ್ನು ವಿಚಾರಿಸಿದ ಕಥೆ ಹೇಳಿ, ಮಕ್ಕಳಿಗೆ ಎರಡು ಹಾಳೆ ಹಂಚಿದರು. 1770ರಲ್ಲಿ, ಅಮೆರಿಕ ಇನ್ನೂ ಇಂಗ್ಲೆಂಡಿನ ಆಳ್ವಿಕೆಯಲ್ಲಿದ್ದಾಗ, ಬಾಸ್ಟನ್ ಎಂಬ ಊರಿನ ಬೀದಿಯಲ್ಲಿ ಇಂಗ್ಲೆಂಡಿನ ಸಿಪಾಯಿಗಳು ಜನರ ಗುಂಪಿನ ಮೇಲೆ ಗುಂಡು ಹಾರಿಸಿದರು. ಐವರು ಸತ್ತರು. ಒಂದು ಹಾಳೆಯಲ್ಲಿ ಆ ಸಿಪಾಯಿಗಳ ಕ್ಯಾಪ್ಟನ್ ಜೈಲಿನಿಂದ ಹೇಳಿಕೊಂಡದ್ದು ಇತ್ತು. ನಾನು ಗುಂಡು ಹಾರಿಸಿ ಎನ್ನಲಿಲ್ಲ, ಜನ ದೊಣ್ಣೆ ಹಿಡಿದು ಮೇಲೆ ಬಿದ್ದರು ಎಂದು. ಇನ್ನೊಂದರಲ್ಲಿ ಊರಿನವರ ಸಾಕ್ಷಿ ಇತ್ತು. ಅವನೇ ಹಾರಿಸಿ ಎಂದ, ನಾವು ಕೇಳಿದೆವು ಎಂದು. ಯಾರು ಹಳೆಯ ಓನರ್, ಯಾರು ಅಂಗಡಿಯವನು, ನೀವೇ ಹೇಳಿ ಎಂದರು ಮಿಸ್.

ಮುತ್ತು ಎಂಬ ಹುಡುಗ, "ಕ್ಯಾಪ್ಟನ್ ಸುಳ್ಳು ಹೇಳ್ತಿದಾನೆ. ಜೈಲಲ್ಲಿದ್ದವನು ಇನ್ನೇನು ಹೇಳ್ತಾನೆ," ಎಂದ.

"ಮಚ್ಚಾ, ಜೈಲಲ್ಲಿದ್ರೆ ಸುಳ್ಳೇ ಹೇಳ್ಬೇಕಾ?" ಎಂದಳು ದೀಪಶ್ರೀ ಎಂಬ ಹುಡುಗಿ. "ಊರವರಿಗೂ ಸಿಪಾಯಿಗಳು ತೊಲಗ್ಲಿ ಅಂತ ಆಸೆ ಇತ್ತಲ್ಲ."

ಮಿಸ್ ಏನನ್ನೂ ತಿದ್ದಲಿಲ್ಲ. ಬರೀ ಕೇಳಿಸಿಕೊಂಡರು. ಆಗ ಎರಡನೇ ಸಾಲಿನಲ್ಲಿದ್ದ ದೀಪಶ್ರೀಯ ತಂದೆ ನಂದೀಶ್ ಕೈ ಎತ್ತಿದರು. ಹದಿಮೂರು ವರ್ಷ ಡಲ್ಲಾಸಿನಲ್ಲಿದ್ದವರು. ಮಿಸ್‌ಗೆ ಮುಜುಗರ ಆಗದಿರಲಿ ಎಂದೋ ಏನೋ, ಕನ್ನಡದಲ್ಲೇ ಕೇಳಿದರು.

"ಮೇಡಂ, ತಪ್ಪು ತಿಳ್ಕೋಬೇಡಿ. ನೀವು ಅಮೆರಿಕಾಗೆ ಹೋಗಿದ್ದೀರಾ?"

"ಇಲ್ರಿ ಸರ್. ನನ್ನ ಹತ್ರ ಪಾಸ್‌ಪೋರ್ಟ್ ಇಲ್ಲ."

ವಿಶ್ವನಾಥ್ ಸರ್ ವಾಚ್ ನೋಡಿಕೊಂಡರು. ಇಲ್ಲಿಗೆ ಮುಗಿಯಿತು, ಮತ್ತೆ ಆರನೇ ತರಗತಿ ಎಂದು ತಮಗೆ ಅನಿಸಿತು ಎಂದು ಮಿಸ್ ನನಗೆ ಹೇಳಿದರು.

ನಂದೀಶ್‌ಗೂ ಕಸಿವಿಸಿಯಾಗಿರಬೇಕು. "ಅಲ್ಲ, ನಿಮ್ಮ ಹಳೇ ಸ್ಕೂಲಿನ ಹೆಡ್‌ಮಾಸ್ಟರ್ ನಮಗೆ ಪರಿಚಯ. ಕೇಳ್ದೆ. ನಿಮ್ಮನ್ನ ತುಂಬಾ ಹೊಗಳಿದ್ರು," ಎಂದರು.

"ಅಪ್ಪಾ," ಎಂದಳು ದೀಪಶ್ರೀ, "ಅವ್ರು ಹಳೇ ಓನರ್ ಅಲ್ವಾ?"

ಮಕ್ಕಳೆಲ್ಲ ಬೆಂಚು ತಟ್ಟಿ ನಕ್ಕರು. ನಂದೀಶ್ ಮುಖ ಕೆಂಪಾಯಿತು. ಮಿಸ್‌ಗೂ ನಾಚಿಕೆಯಾಯಿತು, ಆದರೆ ಮಾತು ಸಿಕ್ಕಿತು.

"ಆಕಿ ಹೇಳಿದ್ದು ಬರೋಬ್ಬರಿ ಐತ್ರಿ ಸರ್. ಹೆಡ್‌ಮಾಸ್ಟರ್ ಒಬ್ಬರನ್ನ ನಂಬಬ್ಯಾಡ್ರಿ. ನನ್ನ ಕಡೆ ಕಡಿಮಿ ಮಾರ್ಕ್ಸ್ ತಗೊಂಡವರೂ ಇದ್ದಾರ, ಅವರನ್ನೂ ಕೇಳ್ರಿ. ನೀವು ಅಲ್ಲಿ ಇದ್ದು ಬಂದೀರಿ. ನಾನು ಇಲ್ಲ. ಅದಕ್ಕ ನೀವು ಒಂದಿನ ತರಗತಿಗೆ ಬರ್ರಿ. ಅಲ್ಲಿ ನೀವು ಕಂಡಿದ್ದು ಹೇಳ್ರಿ, ಹುಡುಗರು ನಿಮ್ಮನ್ನ ಪ್ರಶ್ನಿ ಕೇಳಲಿ."

"ನನ್ನೇ ಕಟಕಟೆ ಹತ್ತಿಸ್ತೀರಾ?" ಎಂದು ನಂದೀಶ್ ನಕ್ಕರು. ಆದರೆ ಹೂಂ ಅನ್ನಲಿಲ್ಲ.

ಮುಂದಿನ ವಾರ ಮಿಸ್ ಮೇಲೆ ಹತ್ತಿ ಹೋಗುವಾಗ ನಾವು ಏನಾಯಿತು ಎಂದು ಕೇಳುತ್ತಿರಲಿಲ್ಲ. ಹೆಜ್ಜೆಯ ಸದ್ದಿನಲ್ಲೇ ತಿಳಿಯುತ್ತಿತ್ತು. ಮೊದಲು ಎಂಟು ಹೆಸರು ಬಂದವು. ಆಮೇಲೆ ಕೋಚಿಂಗ್ ಸಮಯಕ್ಕೆ ಹೊಂದುವುದಿಲ್ಲ ಎಂದು ಒಬ್ಬ ಹಿಂದೆ ಸರಿದ. ದೀಪಶ್ರೀ ಹೆಸರು ಬಂದಿರಲಿಲ್ಲ. ವಿಶ್ವನಾಥ್ ಸರ್ ಶುಕ್ರವಾರ ಮಧ್ಯಾಹ್ನದವರೆಗೆ ಕಾಯುತ್ತೇನೆ ಎಂದರು. ಗುರುವಾರ ಅವರು ಆನ್‌ಲೈನ್ ಕಂಪನಿಯವರ ಜೊತೆ ಮಾತಾಡುತ್ತಿದ್ದದ್ದು ಮಿಸ್ ಕಿವಿಗೆ ಬಿತ್ತು.

ಶುಕ್ರವಾರ ಊಟದ ಬಿಡುವಿನಲ್ಲಿ ನಂದೀಶ್ ಶಾಲೆಗೇ ಬಂದರು. ಮಿಸ್ ಹೇಳಿದಂತೆಯೇ ಮಾಡಿದ್ದರು. ಮಿಸ್ ಇದ್ದ ಹಳೆಯ ಶಾಲೆಯಲ್ಲಿ ಕಡಿಮೆ ಮಾರ್ಕ್ಸ್ ತೆಗೆದುಕೊಂಡು ಈಗ ಮಾರತ್ತಹಳ್ಳಿಯ ಮೊಬೈಲ್ ಅಂಗಡಿಯಲ್ಲಿರುವ ಹನುಮೇಶ ಎಂಬ ಹುಡುಗನನ್ನು ಹುಡುಕಿ ಹೋಗಿ ಕೇಳಿದ್ದರು.

"ಅವನು ನಿಮ್ಮನ್ನ ಹೊಗಳಲಿಲ್ಲ ಮೇಡಂ," ಎಂದರು. "ಮಿಸ್ ಪಾಠ ಬಾಳ ನಿಧಾನ, ಪೋರ್ಷನ್ ಮುಗಿಸ್ತಿರಲಿಲ್ಲ ಅಂದ."

"ಖರೇ ಐತ್ರಿ," ಎಂದರು ಮಿಸ್.

"ಇನ್ನೊಂದು ಹೇಳಿದ. ಗೊತ್ತಿಲ್ಲದ್ದು ಕೇಳಿದ್ರೆ ಗೊತ್ತಿಲ್ಲ ಅಂತಿದ್ರು, ಮಾರನೇ ದಿನ ತಿಳ್ಕೊಂಡು ಬರ್ತಿದ್ರು ಅಂತ. ಪೋರ್ಷನ್ ಮುಗಿಸೋ ಜವಾಬ್ದಾರಿ ನನ್ನ ಮಗಳದು ಆಗ್ಲಿ. ಅವಳ ಹೆಸರು ಬರ್ಕೊಳ್ಳಿ."

ಹಾಗೆ ಎಂಟು ಆಯಿತು. ವಿಶ್ವನಾಥ್ ಸರ್ ವೇಳಾಪಟ್ಟಿಯಲ್ಲಿ ಕೊನೆಯ ಪೀರಿಯಡ್ ಕೊಟ್ಟರು, ಪೋರ್ಷನ್ ಮುಗಿಯಲೇಬೇಕು ಎಂದು ಎರಡು ಸಲ ಹೇಳಿದರು.

ಜೂನ್‌ನಲ್ಲಿ ಕೋರ್ಸ್ ಶುರುವಾಯಿತು. ಮೊದಲ ದಿನ ಮಿಸ್ ಬಾಸ್ಟನ್ ಪಾಠವನ್ನೇ ಮುಂದುವರಿಸಿದರು. ಆ ಐವರಲ್ಲಿ ಮೊದಲು ಬಿದ್ದವನು ಎಂದು ಹೇಳುವ ಒಬ್ಬ ಹಡಗಿನ ಕೂಲಿಯವನಿದ್ದ. ಅವನ ತಂದೆ ಆಫ್ರಿಕದವನು, ತಾಯಿ ಅಲ್ಲಿನ ಮೂಲ ಜನರವಳು ಎನ್ನುತ್ತಾರೆ. ಅವನ ಬದುಕಿನ ಬಗ್ಗೆ ತಿಳಿದಿರುವುದು ಬಹಳ ಕಡಿಮೆ. ಅದನ್ನು ಕೇಳಿ ಮುತ್ತು ಕೈ ಎತ್ತಿದ.

"ಮಿಸ್, ಕ್ಯಾಪ್ಟನ್ ಹೇಳಿದ್ದು ಇದೆ. ಊರವರು ಹೇಳಿದ್ದು ಇದೆ. ಇವನ ಬಗ್ಗೆ ವಿಚಾರಿಸ್ಬೇಕು ಅಂದ್ರೆ ಯಾರ ಹತ್ರ ಹೋಗೋದು?"

ಮಿಸ್ ಸ್ವಲ್ಪ ಯೋಚಿಸಿ, "ನನಗೆ ಗೊತ್ತಿಲ್ಲ," ಎಂದರಂತೆ. "ಹುಡುಕೋಣ."

"ಇದು ಪರೀಕ್ಷೆಗೆ ಬರುತ್ತಾ ಮಿಸ್?" ಎಂದಳು ದೀಪಶ್ರೀ.

"ಬರಲಿಕ್ಕಿಲ್ಲ."

ದೀಪಶ್ರೀ ಗೋಡೆ ಗಡಿಯಾರ ನೋಡಿದಳು. ಪೋರ್ಷನ್ ಅವಳ ಜವಾಬ್ದಾರಿ. ಆಮೇಲೆ, "ಹತ್ತು ನಿಮಿಷ ಹುಡುಕಬಹುದು," ಎಂದಳು. ಎಂಟೂ ಮಕ್ಕಳು ಕುರ್ಚಿ ಎಳೆದುಕೊಂಡು ಮಿಸ್ ಮೇಜಿನ ಸುತ್ತ ಬಂದು ಕೂತರಂತೆ.