ನಾನು ನ್ಯಾನೋ ಕಲಿತದ್ದು ಹೀಗೆ

ನಲವತ್ತು ದಾಟುವವರೆಗೂ ನ್ಯಾನೋ ಎಂದರೆ ನನಗೆ ಒಂದು ಪುಟ್ಟ ಕಾರು, ಅಷ್ಟೇ. ಚಂದ್ರಾ ಲೇಔಟಿನ ಮೊದಲ ಮಹಡಿಯ ಮನೆಯಲ್ಲಿ ನಾನೂ ಅಮ್ಮನೂ ಇದ್ದೆವು. ಇಂಗ್ಲಿಷಿನಿಂದ ಕನ್ನಡಕ್ಕೆ ಅನುವಾದ ಮಾಡುವುದು ನನ್ನ ಕೆಲಸ. ಮಾತ್ರೆ ಡಬ್ಬಿಯೊಳಗಿನ ಕಾಗದ, ವಾಷಿಂಗ್ ಮೆಷಿನ್ ಕೈಪಿಡಿ, ಏನು ಕೊಟ್ಟರೂ ಮಾಡುತ್ತಿದ್ದೆ. ಮದುವೆಯ ಮಾತು ಮನೆಯಲ್ಲಿ ನಿಂತು ಬಹಳ ಕಾಲವಾಗಿತ್ತು. ನನಗೂ ಅದರ ಕೊರತೆ ಕಾಣುತ್ತಿರಲಿಲ್ಲ.

ಹೀಗಿರುವಾಗ ಪ್ರಕಾಶಕರೊಬ್ಬರು ನ್ಯಾನೋ ತಂತ್ರಜ್ಞಾನದ ಬಗ್ಗೆ ಹೊಸಬರಿಗೆಂದು ಬರೆದ ಸಣ್ಣ ಪುಸ್ತಕವೊಂದನ್ನು ಕೈಗಿತ್ತರು. ಮೊದಲ ಪುಟದಲ್ಲೇ ಸಿಕ್ಕಿಹಾಕಿಕೊಂಡೆ. "ಕೆಂಗೇರಿ ಕಡೆ ಕಾಲೇಜಲ್ಲಿ ಭೌತಶಾಸ್ತ್ರ ಹೇಳಿಕೊಡೋರು ಒಬ್ಬರಿದಾರೆ, ಡೌಟ್ ಇದ್ರೆ ಅವರನ್ನ ಕೇಳಿ" ಎಂದು ಅವರೇ ಒಂದು ಫೋನ್ ನಂಬರ್ ಕೊಟ್ಟರು.

ಮೇಷ್ಟ್ರು ಗೋವಿಂದರಾಜನಗರದಲ್ಲಿ ಒಬ್ಬರೇ ಇದ್ದರು, ಅವರಿಗೂ ಮದುವೆಯಾಗಿರಲಿಲ್ಲ. ಇಬ್ಬರಿಗೂ ಹತ್ತಿರ ಎಂದು ವಿಜಯನಗರದ ಒಂದು ದರ್ಶಿನಿಯಲ್ಲಿ ಭೇಟಿಯಾದೆವು. ಎತ್ತರದ ಆಳು, ನನಗಿಂತ ನಾಲ್ಕೈದು ವರ್ಷ ದೊಡ್ಡವರು, ತಲೆಯಲ್ಲಿ ಕೂದಲು ಅಷ್ಟಕ್ಕಷ್ಟೇ. ಕಾಫಿ ಲೋಟ ಹಿಡಿದು ನಿಂತೇ ಪಾಠ ಶುರುವಾಯಿತು.

"ಒಂದು ಮೀಟರನ್ನ ನೂರು ಕೋಟಿ ಪಾಲು ಮಾಡಿ, ಅದರಲ್ಲಿ ಒಂದು ಪಾಲು ತಗೊಂಡ್ರೆ ಒಂದು ನ್ಯಾನೋಮೀಟರು" ಎಂದರು.

"ಸಾರ್, ನೂರು ಕೋಟಿ ಅಂದ ತಕ್ಷಣ ನನ್ನ ತಲೆ ಕೆಲಸ ನಿಲ್ಲಿಸುತ್ತೆ" ಎಂದೆ.

ಅವರು ಸ್ವಲ್ಪ ಯೋಚಿಸಿ, ಮೇಜಿನ ಮೇಲಿದ್ದ ನನ್ನ ಕೈ ನೋಡಿದರು. "ನಿಮ್ಮ ಉಗುರು ಬೆಳೀತಾ ಇದೆಯಲ್ಲ, ಅದು ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ ಒಂದು ನ್ಯಾನೋಮೀಟರ್ ಬೆಳೆಯುತ್ತೆ. ನೀವು ಈಗ ಆ ಮಾತು ಹೇಳಿದ್ರಲ್ಲ, ಅಷ್ಟರಲ್ಲಿ ಐದಾರು ನ್ಯಾನೋಮೀಟರ್ ಬೆಳೆದಾಯ್ತು."

ನಾನು ಉಗುರನ್ನು ನೋಡುತ್ತ ನಿಂತೆ. ಅವರೂ ನೋಡುತ್ತ ನಿಂತರು. ಏನೂ ಕಾಣುವುದಿಲ್ಲ ಎಂದು ಗೊತ್ತಿದ್ದೂ ಇಬ್ಬರೂ ನೋಡುತ್ತಿದ್ದೇವೆ ಎನ್ನುವುದು ಹೊಳೆದು ನನಗೆ ನಗು ಬಂತು. ಕಾಫಿ ನೆತ್ತಿಗೇರಿತು. ಅವರು ನೀರು ತರಲು ಓಡಿದರು.

ಮುಂದಿನ ಅಧ್ಯಾಯ ಎಲೆಗಳದು. ಕೆಲವು ಎಲೆಗಳ ಮೇಲೆ ನೀರು ಏಕೆ ನಿಲ್ಲುವುದಿಲ್ಲ ಎನ್ನುವುದನ್ನು ಓದಿದರೂ ನನಗೆ ಹಿಡಿತಕ್ಕೆ ಬರಲಿಲ್ಲ. "ಬನ್ನಿ, ಮಾರ್ಕೆಟ್ಟಿಗೇ ಹೋಗೋಣ" ಎಂದರು ಮೇಷ್ಟ್ರು. ತರಕಾರಿ ಅಂಗಡಿಯಲ್ಲಿ ಒಂದು ಕಟ್ಟು ಕೆಸುವಿನೆಲೆ ಕೊಂಡು, ಅಲ್ಲೇ ಬಾಟಲಿಯಿಂದ ನಾಲ್ಕು ಹನಿ ಹಾಕಿದರು. ಹನಿಗಳು ಪಾದರಸದ ಹಾಗೆ ಗುಂಡಗೆ ಉರುಳಿ, ಧೂಳನ್ನೂ ಎತ್ತಿಕೊಂಡು ಕೆಳಗೆ ಬಿದ್ದವು.

"ಈ ಎಲೆ ಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿವೆ, ಅದರ ಮೇಲೆ ನ್ಯಾನೋ ಗಾತ್ರದ ಮೇಣದ ಹರಳು. ನೀರಿಗೆ ತುದಿ ಮಾತ್ರ ತಾಕುತ್ತೆ. ನಡುವೆ ಎಲ್ಲ ಗಾಳಿ."

ನಾನು ಪಕ್ಕದ ರಾಶಿಯಿಂದ ಒಂದು ಹಾಗಲಕಾಯಿ ಎತ್ತಿ, ಅದರ ಮೇಲೆ ನನ್ನ ಕರ್ಚೀಫು ಹಾಸಿದೆ. "ಹೀಗಾ? ಬಟ್ಟೆ ಮುಳ್ಳಿನ ತುದೀಲಿ ಮಾತ್ರ ಕೂತಿದೆ, ಸಂದಿಗೆ ಇಳಿದಿಲ್ಲ."

ಮೇಷ್ಟ್ರು ಹಾಗಲಕಾಯಿಯನ್ನೂ ನನ್ನನ್ನೂ ನೋಡಿದರು. "ಇಷ್ಟು ವರ್ಷದಿಂದ ಪಾಠ ಮಾಡ್ತಾ ಇದೀನಿ, ನನಗೆ ಇದು ಹೊಳೆದೇ ಇಲ್ಲ ನೋಡಿ."

"ತಗೊಳ್ಳೋದಾದ್ರೆ ತಗೊಳ್ಳಿ, ಅದಕ್ಕೆ ಯಾಕಮ್ಮ ಬಟ್ಟೆ ಉಡಿಸ್ತೀರ" ಎಂದಳು ಅಂಗಡಿಯಾಕೆ. ನಾಚಿಕೆಗೆ ಒಂದು ಕಿಲೋ ಹಾಗಲಕಾಯಿ ಕೊಂಡೆ. ಆ ವಾರವೆಲ್ಲ ಅಮ್ಮ ಗೊಜ್ಜು ಮಾಡಿ ಮಾಡಿ ಸುಸ್ತಾದರು.

ಆಮೇಲೆ ಡೌಟುಗಳು ಹೆಚ್ಚುತ್ತಲೇ ಹೋದವು. ಕೆಲವು ನಿಜವಾದವು, ಕೆಲವು ನಾನೇ ಹುಟ್ಟಿಸಿದವು. ಕ್ರಿಕೆಟ್ ಆಟಗಾರರು ಮೂಗಿಗೆ ಬಳಿದುಕೊಳ್ಳುವ ಬಿಳಿ ಲೇಪದ ಸತುವಿನ ಆಕ್ಸೈಡನ್ನು ನ್ಯಾನೋ ಗಾತ್ರಕ್ಕೆ ಇಳಿಸಿದರೆ ಬಿಳುಪು ಮಾಯವಾಗಿ ಬಿಸಿಲು ತಡೆಯುವ ಗುಣ ಉಳಿಯುತ್ತದೆ, ನನ್ನ ಸನ್‌ಸ್ಕ್ರೀನಿನಲ್ಲಿರುವುದು ಅದೇ ಎಂದು ತಿಳಿಯಿತು. ಕೆಲವು ನೀರಿನ ಫಿಲ್ಟರುಗಳಲ್ಲಿ ಕ್ರಿಮಿ ಕೊಲ್ಲಲು ಬೆಳ್ಳಿಯ ನ್ಯಾನೋಕಣ ಇರುತ್ತದಂತೆ. ಫೋನಿನ ಒಳಗಿನ ಚಿಪ್‌ನಲ್ಲಿ ಕೆಲವೇ ನ್ಯಾನೋಮೀಟರ್ ಅಗಲದ ಭಾಗಗಳಿವೆಯಂತೆ. ಮನೆಗೆ ಬಂದು ಅಮ್ಮನಿಗೆ ಹೇಳುತ್ತಿದ್ದೆ. "ಯಾವತ್ತೂ ಮಾತ್ರೆ ಕಾಗದದ ಬಗ್ಗೆ ಇಷ್ಟು ಹೇಳಿದ್ದಿಲ್ಲ ನೀನು" ಎಂದು ಅಮ್ಮ ನನ್ನ ಮುಖವನ್ನೇ ನೋಡುತ್ತಿದ್ದರು.

ಒಂದು ದಿನ ಮೆಟ್ರೋ ಹತ್ತಿ ಕೆಂಗೇರಿಗೆ ಹೋದೆ. ಕಾಲೇಜಿನ ಲ್ಯಾಬಿನಲ್ಲಿ ಮೇಷ್ಟ್ರು ಪುಟ್ಟ ಗಾಜಿನ ಸೀಸೆ ಎತ್ತಿ ಹಿಡಿದರು. ಒಳಗೆ ದಾಳಿಂಬೆ ರಸದಂಥ ಕೆಂಪು ನೀರು.

"ಇದು ಬಂಗಾರ" ಎಂದರು.

"ಬಂಗಾರ ಕೆಂಪಗಿರುತ್ತಾ?"

"ಅಷ್ಟು ಸಣ್ಣದಾದ್ರೆ ಬೆಳಕಿನ ಜೊತೆ ಅದು ನಡ್ಕೊಳ್ಳೋ ರೀತಿನೇ ಬೇರೆ. ನ್ಯಾನೋ ಗಮ್ಮತ್ತು ಇರೋದೇ ಅಲ್ಲಿ. ಬರೀ ಸಣ್ಣದಾಗಲ್ಲ, ಸ್ವಭಾವಾನೂ ಬದಲಾಗುತ್ತೆ."

"ದಿನನಿತ್ಯ ಎಲ್ಲಿ ಉಪಯೋಗ ಆಗುತ್ತೆ ಇದು?"

ಅವರು ಸೀಸೆಯನ್ನು ಕೆಳಗಿಟ್ಟರು. "ಮೆಡಿಕಲ್ ಶಾಪಲ್ಲಿ ಒಂದು ಪಟ್ಟಿ ಸಿಗುತ್ತೆ. ಅದರಲ್ಲಿ ಮೂಡೋ ಗುಲಾಬಿ ಗೆರೆ ಇದೇ ಬಂಗಾರದ್ದು. ಹೆಂಗಸರು... ಮನೇಲೇ ಪರೀಕ್ಷೆ..."

"ಬಸಿರು ನೋಡೋ ಪಟ್ಟೀನಾ ಸಾರ್?"

ಮೇಷ್ಟ್ರು ಸೀಸೆಯೊಳಗಿನ ಬಣ್ಣಕ್ಕೇ ತಿರುಗಿದರು. ತಲೆಯ ಮೇಲಿನ ಬರಿದಾದ ಜಾಗವೂ ಕೆಂಪಾಯಿತು. ನಾನು ಕಿಟಕಿಯತ್ತ ತಿರುಗಿ ಕಷ್ಟಪಟ್ಟು ನಗು ತಡೆದುಕೊಂಡೆ. ವಾಪಸ್ಸು ಬರುವಾಗ ರೈಲಿನಲ್ಲಿ ಸೀಟು ಖಾಲಿ ಇದ್ದರೂ ಕೂರಲಾಗಲಿಲ್ಲ. ಕಾಲು ನೆಲದ ಮೇಲಿದೆಯೋ ಇಲ್ಲವೋ ಎನ್ನುವ ಹಾಗಿತ್ತು.

ನನ್ನ ಮುಖ ನೋಡಿದ ಅಮ್ಮನಿಗೆ ಅಷ್ಟೇ ಸಾಕಾಯಿತು. "ಅವರನ್ನ ಭಾನುವಾರ ಊಟಕ್ಕೆ ಕರಿ" ಎಂದರು.

ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಬಂದರು. ಊಟದ ನಡುವೆ ಆ ಶರ್ಟಿನ ಕಥೆ ಹೇಳಿದರು. ದಾರಕ್ಕೆ ನ್ಯಾನೋ ಲೇಪ ಕೊಟ್ಟಿದ್ದಾರಂತೆ, ಕೆಸುವಿನೆಲೆಯ ಹಾಗೇ ನೀರು ಹಿಡಿಯುವುದಿಲ್ಲವಂತೆ, ಹಲವು ಸಲ ಒಗೆದ ಮೇಲೆ ಲೇಪ ಹೋಗುತ್ತದಂತೆ, ಇದು ಮಾತ್ರ ಹೊಸದು. "ಬೇಕಾದ್ರೆ ಸಾರು ಹಾಕಿ ನೋಡಿ" ಎಂದರು.

"ಅಯ್ಯೋ, ಮನೆಗೆ ಬಂದೋರ ಮೇಲೆ ಸಾರು ಹಾಕೋದಾ" ಎಂದರು ಅಮ್ಮ.

ನಾನು ಆರಿದ ಸಾರಿನ ಸೌಟು ಎತ್ತಿ ಅವರ ಎದೆಯ ಮೇಲೆ ಸುರಿದೇಬಿಟ್ಟೆ. ಮೇಷ್ಟ್ರು ಹೇಳಿದ್ದರಲ್ಲಿ ಒಂದಿಷ್ಟೂ ಸುಳ್ಳಿರಲಿಲ್ಲ. ಸಾರು ಮಣಿಮಣಿಯಾಗಿ ಜಾರಿತು, ಶರ್ಟಿನ ಮೇಲೆ ಒಂದು ಕಲೆಯೂ ಇಲ್ಲ. ಜಾರಿದ್ದೆಲ್ಲ ಪ್ಯಾಂಟಿನ ಮೇಲೆ ಹೋಗಿ ಕೂತಿತು. ಪ್ಯಾಂಟಿಗೆ ಆ ಲೇಪ ಇರಲಿಲ್ಲ.

ಮೂವರೂ ಆ ಪ್ಯಾಂಟನ್ನು ನೋಡಿದೆವು. ಮೊದಲು ನಕ್ಕವರು ಅಮ್ಮ. ಸೆರಗು ಬಾಯಿಗಿಟ್ಟುಕೊಂಡು, ಗೋಡೆ ಹಿಡಿದುಕೊಂಡು ನಕ್ಕರು. ಅಪ್ಪ ತೀರಿಕೊಂಡ ಮೇಲೆ ಅಮ್ಮ ಹಾಗೆ ನಕ್ಕದ್ದನ್ನು ನಾನು ನೋಡಿರಲಿಲ್ಲ. ಬೀರುವಿನಿಂದ ಅಪ್ಪನ ಪಂಚೆ ತೆಗೆದುಕೊಟ್ಟರು. ಮೇಷ್ಟ್ರು ಅದನ್ನುಟ್ಟು ಬಂದು, ಒಬ್ಬಟ್ಟು ತಿಂದು, ಇನ್ನೊಂದು ಕೇಳಿದರು.

ಅವರು ಹೊರಟ ಮೇಲೆ ಅಮ್ಮ, "ನಿನಗೆ ಇಷ್ಟ ಇದ್ರೆ ನೀನೇ ಕೇಳು ಕಣೇ. ಅವರು ಕೇಳೋ ಹಾಗೆ ಕಾಣಲ್ಲ" ಎಂದರು.

ಮೆಟ್ಟಿಲಿಳಿದು ಓಡಿದೆ. ಮೇಷ್ಟ್ರು ಪಂಚೆಯಲ್ಲೇ, ಒದ್ದೆ ಪ್ಯಾಂಟಿನ ಚೀಲ ಹಿಡಿದು ಆಟೋಗೆ ಕಾಯುತ್ತಿದ್ದರು.

"ಸಾರ್, ಪುಸ್ತಕದ ಡೌಟೆಲ್ಲ ಮುಗೀತು. ಆದರೂ ದಿನಾ ಸಿಗಬೇಕು ಅನ್ನಿಸ್ತಾ ಇದೆ. ಮದುವೆ ಆಗೋಣವಾ?"

"ಆಗೋಣ" ಎಂದರು, ತಡವೇ ಇಲ್ಲದೆ. ಆಮೇಲೆ ಮೆಲ್ಲಗೆ, "ಆದರೆ ಸಾರ್ ಅನ್ನೋದು ಬಿಡಬೇಕು."

ಪುಸ್ತಕ ಅಚ್ಚಾಗಿ ಬಂದ ಮರುತಿಂಗಳು ಗೋವಿಂದರಾಜನಗರದ ಒಂದು ಸಣ್ಣ ಕಲ್ಯಾಣ ಮಂಟಪದಲ್ಲಿ ಮದುವೆಯಾಯಿತು. ಅವರ ವಿದ್ಯಾರ್ಥಿಗಳು ತಮಟೆಯವರನ್ನು ಕರೆತಂದು ಬೀದಿಯಲ್ಲೇ ಕುಣಿದರು, ನಮ್ಮಿಬ್ಬರನ್ನೂ ಎಳೆದುಕೊಂಡರು. ಹಿಂದೆ ಆಟೋಗಳು ಹಾರನ್ ಹೊಡೆಯುತ್ತಿದ್ದವು. ಹಾರ ಒಂದು ಕಡೆ, ಚಪ್ಪಲಿ ಒಂದು ಕಡೆ, ನಾವು ತಾಳ ತಪ್ಪಿ ಕುಣಿಯುತ್ತಲೇ ಇದ್ದೆವು.